ಬಳಸದ ಸೇವೆಗೆ ತೆತ್ತ ಹಣ: ‘ಚಂದಾ’ ಎಂಬ ಕರಾರಿನ ನ್ಯಾಯವಿಚಾರ

ಕನ್ನಡದಲ್ಲಿ ‘ಚಂದಾ’ ಎಂಬ ಶಬ್ದವು ಎರಡು ಅರ್ಥಗಳಲ್ಲಿ ಬಳಕೆಯಾಗುತ್ತದೆ. ಪತ್ರಿಕೆಯೊಂದನ್ನು ತರಿಸಿಕೊಳ್ಳುವುದಕ್ಕಾಗಿ ಮುಂಗಡವಾಗಿ ಸಲ್ಲಿಸುವ ಹಣ ಒಂದು. ದೇವಸ್ಥಾನದ ಜೀರ್ಣೋದ್ಧಾರಕ್ಕೋ ಗಣೇಶೋತ್ಸವಕ್ಕೋ ಊರಿನ ಬಯಲಾಟಕ್ಕೋ ಮನೆಮನೆಯಿಂದ ಎತ್ತುವ ವಂತಿಗೆ ಇನ್ನೊಂದು. ಫಾರಸಿಯಿಂದ ಬಂದ ಈ ಶಬ್ದವು ಇಲ್ಲಿ ನೆಲೆನಿಂತ ಮೇಲೆ ಈ ಎರಡು ಅರ್ಥಗಳೂ ಒಂದರ ಪಕ್ಕದಲ್ಲೊಂದು ಬಾಳಿವೆ. ಆದರೆ ಅವುಗಳ ಹಿಂದಿರುವ ನ್ಯಾಯವು ಒಂದೇ ಅಲ್ಲ. ಬಯಲಾಟಕ್ಕೆ ಚಂದಾ ಕೊಟ್ಟವನು ಆ ರಾತ್ರಿ ಮನೆಯಲ್ಲಿ ಮಲಗಿ ನಿದ್ರಿಸಿದರೂ ಮರುದಿನ ಹಣವನ್ನು ಹಿಂದಕ್ಕೆ ಕೇಳುವುದಿಲ್ಲ. ಅವನು ಕೊಟ್ಟದ್ದು ಆಟ ನೋಡುವುದಕ್ಕಲ್ಲ, ಆಟ ನಡೆಯುವುದಕ್ಕೆ. ಪತ್ರಿಕೆಯ ಚಂದಾದಾರನಾದರೋ ಒಂದು ಸಂಚಿಕೆ ಬಾರದಿದ್ದರೆ ಕಾಗದ ಬರೆದು ವಿಚಾರಿಸುತ್ತಾನೆ. ಮೊದಲನೆಯದು ಪಾಲುಗೊಳ್ಳುವಿಕೆ, ಎರಡನೆಯದು ವಿನಿಮಯ. ಇಂದು ತಿಂಗಳು ತಿಂಗಳೂ ಕಟ್ಟಬೇಕಾದ ಹಣದ ಪಟ್ಟಿ ಉದ್ದವಾಗುತ್ತಿದೆ. ದೂರವಾಣಿ, ಅಂತರ್ಜಾಲ, ಚಲನಚಿತ್ರ ತೋರಿಸುವ ಆ್ಯಪ್, ವ್ಯಾಯಾಮಶಾಲೆ, ವಿದ್ಯುತ್ತು, ವಸತಿನಿಲಯದ ಊಟ ಎಲ್ಲವೂ ಅದರಲ್ಲಿ ಸೇರಿವೆ. ಬಳಸದೆ ಬಿಟ್ಟ ತಿಂಗಳಿಗೂ ಹಣ ತೆರಬೇಕಾದಾಗ ಅದು ಈ ಎರಡು ಅರ್ಥಗಳಲ್ಲಿ ಯಾವುದಕ್ಕೆ ಸೇರುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಮೊದಲಿಗೆ ಎಲ್ಲರ ಮನೆಯಲ್ಲಿಯೂ ಕಾಣುವ ಒಂದು ಲೆಕ್ಕವನ್ನು ನೋಡಬಹುದು. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಹಾಲು ಬಾರದ ದಿನಗಳಿಗೆ ಗೀಟೆಳೆಯುವ ರೂಢಿ ಗಡಿಯ ಈಚೆಗೂ ಆಚೆಗೂ ಇದೆ. ಹಳೆಯ ಮೈಸೂರಿನ ಕಡೆ ಇಂತಹ ತಿಂಗಳ ಏರ್ಪಾಟಿಗೆ ‘ವರ್ತನೆ’ ಎಂಬ ಹೆಸರಿದೆ: ವರ್ತನೆ ಹಾಲು, ವರ್ತನೆ ಮೊಸರು. ನಡತೆ ಎಂಬ ಅರ್ಥವುಳ್ಳ ಶಬ್ದವೇ ನಿತ್ಯ ತಪ್ಪದೆ ನಡೆಯುವ ಕೊಡುಕೊಳ್ಳುವಿಕೆಗೂ ಹೆಸರಾಗಿರುವುದು ಅರ್ಥಪೂರ್ಣವಾಗಿದೆ. ಈ ಏರ್ಪಾಟಿನಲ್ಲಿ ಮನೆಯವರು ಊರಿಗೆ ಹೋಗುವ ಹಿಂದಿನ ದಿನ ‘ನಾಲ್ಕು ದಿನ ಹಾಲು ಬೇಡ’ ಎಂದು ಹೇಳಿದರೆ ನಾಲ್ಕು ದಿನದ ಹಣ ಕಳೆಯುತ್ತದೆ. ಹೇಳದೆ ಹೋದರೆ ಕಳೆಯುವುದಿಲ್ಲ, ಏಕೆಂದರೆ ಹಾಲು ಬಾಗಿಲಿಗೆ ಬಂದಿದೆ, ತಂದವನ ಕೈಯಲ್ಲಿ ಉಳಿದಿದೆ. ಮುನ್ಸೂಚನೆ ದೊರೆತರೆ ಅವನು ಆ ಹಾಲನ್ನು ಬೇರೆ ಮನೆಗೆ ಕೊಡಬಲ್ಲ, ದೊರೆಯದಿದ್ದರೆ ನಷ್ಟ ಅವನದು. ಯಾವ ಕಾನೂನು ಪುಸ್ತಕವೂ ಇಲ್ಲದೆ ಈ ಲೆಕ್ಕದಲ್ಲಿ ಒಂದು ಸೂಕ್ಷ್ಮ ತತ್ತ್ವ ನೆಲೆಗೊಂಡಿದೆ. ಬಳಸಲಿಲ್ಲ ಎಂಬುದಷ್ಟರಿಂದಲೇ ಹಣದ ಹೊಣೆ ತಪ್ಪುವುದಿಲ್ಲ. ಬಳಸದೆ ಬಿಟ್ಟದ್ದು ಇನ್ನೊಬ್ಬರಿಗೆ ಸಲ್ಲಬಹುದಾಗಿತ್ತೇ, ಹಾಗೆ ಸಲ್ಲುವಂತೆ ಮಾಡಲು ಅವಕಾಶವಿತ್ತೇ ಎಂಬುದನ್ನೂ ನೋಡಬೇಕು.

ಆದರೆ ಎಲ್ಲ ಸೇವೆಗಳೂ ಹಾಲಿನಂತೆ ಅಳೆದು ಕೊಡುವಂಥವಲ್ಲ. ಕೆಲವು ಸೇವೆಗಳ ಬೆಲೆಯೆಲ್ಲ ಸಿದ್ಧವಾಗಿ ನಿಂತಿರುವುದರಲ್ಲಿಯೇ ಇದೆ. ವಿದ್ಯುತ್ತು ಇದಕ್ಕೆ ಉತ್ತಮ ನಿದರ್ಶನ. 1892ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಜಾನ್ ಹಾಪ್ಕಿನ್‌ಸನ್ ವಿದ್ಯುತ್ ಪೂರೈಕೆಯ ವೆಚ್ಚವನ್ನು ಕುರಿತು ಮಾಡಿದ ಉಪನ್ಯಾಸದಲ್ಲಿ ಈ ಮಾತನ್ನು ತರ್ಕಬದ್ಧವಾಗಿ ಮಂಡಿಸಿದನು. ಅವನ ವಾದದ ತಿರುಳು ಹೀಗಿದೆ: ವಿದ್ಯುತ್ತನ್ನು ಕೂಡಿಡುವುದು ಕಷ್ಟ. ಸಂಜೆ ಎಲ್ಲರೂ ಒಮ್ಮೆಗೇ ದೀಪ ಹಚ್ಚುವ ಹೊತ್ತಿಗೆ ಸಾಲುವಷ್ಟು ಯಂತ್ರ, ತಂತಿ, ಆಳುಗಳನ್ನು ಇಡೀ ದಿನ ಸಜ್ಜಾಗಿಟ್ಟಿರಬೇಕು. ದೀಪ ಹಚ್ಚಿದರೂ ಹಚ್ಚದಿದ್ದರೂ ಈ ವೆಚ್ಚ ತಪ್ಪದು. ಆದುದರಿಂದ ಬಿಲ್ಲಿನಲ್ಲಿ ಎರಡು ಭಾಗಗಳಿರಬೇಕು, ಸಿದ್ಧತೆಗೆ ಒಂದು, ಬಳಕೆಗೆ ಒಂದು. ಇಂದು ವಿದ್ಯುತ್ ಬಿಲ್ಲಿನಲ್ಲಿ ‘ಸ್ಥಿರ ಶುಲ್ಕ’ ಎಂದು ಕಾಣುವ ಸಾಲಿನ ಪೂರ್ವಜ ಈ ವಾದವೇ.

ಕಾಸರಗೋಡಿನ ಹಳ್ಳಿಗಳಲ್ಲಿ ವರ್ಷದ ಬಹುಭಾಗ ಬೀಗ ಹಾಕಿದ ಮನೆಗಳು ಅಪರೂಪವಲ್ಲ. ಮನೆಯವರು ಕೊಲ್ಲಿ ರಾಷ್ಟ್ರಗಳಲ್ಲಿಯೋ ಬೆಂಗಳೂರು, ಮುಂಬಯಿಗಳಲ್ಲಿಯೋ ಇರುತ್ತಾರೆ. ಎರಡು ತಿಂಗಳಿಗೊಮ್ಮೆ ಬರುವ ಬಿಲ್ಲು ಮಾತ್ರ ತಪ್ಪುವುದಿಲ್ಲ. ‘ಒಂದು ಬಲ್ಬೂ ಉರಿಯಲಿಲ್ಲ, ಹಣ ಯಾಕೆ?’ ಎಂಬ ಪ್ರಶ್ನೆ ಸಹಜವಾದುದು. ಉತ್ತರವೂ ಇದೆ. ಮಳೆಗಾಲದ ಗಾಳಿಗೆ ಮರ ಬಿದ್ದು ತುಂಡಾದ ತಂತಿಯನ್ನು ಸರಿಪಡಿಸಿದ್ದು ಬೀಗ ಹಾಕಿದ ಮನೆಗಾಗಿಯೂ ಹೌದು. ಮನೆಯವರು ಯಾವ ರಾತ್ರಿ ಬಂದಿಳಿದು ಸ್ವಿಚ್ಚು ಒತ್ತಿದರೂ ದೀಪ ಬೆಳಗುತ್ತದೆಂಬ ಭರವಸೆಗೆ ಆ ಹಣ ಸಲ್ಲುತ್ತದೆ. ಈ ಪ್ರಸಂಗದಲ್ಲಿ ಬಳಸದ ಸೇವೆಗೆ ಹಣ ತೆರುವುದು ಅನ್ಯಾಯವೆನ್ನಲಾಗದು. ಕೇರಳದಲ್ಲಿ ಗೃಹಬಳಕೆಯ ಸ್ಥಿರ ಶುಲ್ಕವು ಬಳಕೆ ಹೆಚ್ಚಿದಂತೆ ತಾನೂ ಏರುತ್ತದೆ. ಹಾಪ್ಕಿನ್‌ಸನ್ನನ ತರ್ಕವನ್ನು ಕಟ್ಟುನಿಟ್ಟಾಗಿ ಹಿಡಿದರೆ ಇದು ‘ಸ್ಥಿರ’ವೇ ಅಲ್ಲ. ಆದರೆ ಬಡವನ ಮನೆಯ ಬಿಲ್ಲನ್ನು ಹಗುರಗೊಳಿಸುವ ಇನ್ನೊಂದು ನ್ಯಾಯ ಅದರಲ್ಲಿ ಬೆರೆತಿದೆ. ಹೆಸರು ಒಂದು ತತ್ತ್ವವನ್ನು ಹೇಳುತ್ತಿರುವಾಗ ಅಂಕೆ ಮತ್ತೊಂದನ್ನು ಹೇಳುವುದಕ್ಕೆ ಇದೊಂದು ಉದಾಹರಣೆ.

ಸಿದ್ಧತೆಗೆ ಹಣ ಕೊಡುವ ಪದ್ಧತಿಯನ್ನು ಹಾಪ್ಕಿನ್‌ಸನ್ನನು ಹುಟ್ಟುಹಾಕಲಿಲ್ಲ. ಕನ್ನಡನಾಡಿನ ಹಳ್ಳಿಗಳಿಗೆ ಅದು ಆಯಗಾರ ಪದ್ಧತಿಯಾಗಿ ಶತಮಾನಗಳಿಂದ ಪರಿಚಿತವಾಗಿತ್ತು. ಬಡಗಿ, ಕಮ್ಮಾರ, ಅಗಸ, ಕ್ಷೌರಿಕ, ತಳವಾರ ಮೊದಲಾದ ‘ಹನ್ನೆರಡು ಆಯ’ದವರಿಗೆ ಸುಗ್ಗಿಯ ಕಾಲದಲ್ಲಿ ಕಣದಲ್ಲಿಯೇ ಧಾನ್ಯದ ಪಾಲು ಸಲ್ಲುತ್ತಿತ್ತು. ಆ ವರ್ಷ ನೇಗಿಲು ಮುರಿಯಲಿಲ್ಲವೆಂದು ಬಡಗಿಯ ಆಯವನ್ನು ಯಾರೂ ತಡೆಯುತ್ತಿರಲಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ವಿದ್ಯಾರ್ಥಿಗಳಿಗೆ ಮರಾಠಿಯ ‘ಬಲುತೆ’, ‘ಬಾರಾ ಬಲುತೇದಾರ’ ಎಂಬ ಶಬ್ದಗಳು ಗೊತ್ತಿರಬಹುದು. ಅದೂ ಇದೇ ಏರ್ಪಾಟು. ಇದರಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಆಯವು ಸಾಮಾನ್ಯವಾಗಿ ಬೆಳೆಯ ಪಾಲಾಗಿದ್ದುದರಿಂದ ಬರಗಾಲದಲ್ಲಿ ರೈತನ ಕಣವೂ ಬಡಗಿಯ ಚೀಲವೂ ಒಟ್ಟಿಗೆ ಬರಿದಾಗುತ್ತಿದ್ದವು. ನಷ್ಟ ಒಬ್ಬನದೇ ಆಗುತ್ತಿರಲಿಲ್ಲ. ತುಳುನಾಡಿನ ಗೇಣಿ ಹೀಗಲ್ಲ. ಗೊತ್ತುಮಾಡಿದ ಮುಡಿ ಅಕ್ಕಿಯನ್ನು ಒಕ್ಕಲು ಅಳೆಯಲೇಬೇಕಾಗಿತ್ತು, ಗದ್ದೆ ಹಡಿಲು ಬಿದ್ದರೂ ಹೊಣೆ ತಾನಾಗಿ ತಪ್ಪುತ್ತಿರಲಿಲ್ಲ. ಎರಡನೆಯ ಸಂಗತಿ ಕಹಿಯಾದುದು. ಆಯಗಾರನು ಈ ಕರಾರನ್ನು ತಾನಾಗಿ ಮಾಡಿಕೊಂಡವನಲ್ಲ, ಜಾತಿಯಿಂದ ಅದಕ್ಕೆ ಬಿಗಿಯಲ್ಪಟ್ಟವನು. ಬಿಟ್ಟುಹೋಗುವ ದಾರಿ ಅವನಿಗಿರಲಿಲ್ಲ. ಊರಿನ ಸೌಹಾರ್ದದ ಚಿತ್ರವಾಗಿ ಮಾತ್ರ ಈ ಪದ್ಧತಿಯನ್ನು ಬಣ್ಣಿಸುವ ಬರಹಗಳು ಈ ಮಾತನ್ನು ನುಂಗಿಬಿಡುತ್ತವೆ. ಹೊರಬರಲು ಬಾಗಿಲಿಲ್ಲದ ಕರಾರಿನಲ್ಲಿ ಲೆಕ್ಕ ಎಷ್ಟೇ ಸರಿಯಾಗಿದ್ದರೂ ನ್ಯಾಯವು ಅರೆಯಾಗಿಯೇ ಉಳಿಯುತ್ತದೆ.

ಹೊರಬರುವ ಬಾಗಿಲು ಇದ್ದೂ ಜನ ಹೊರಬಾರದಿದ್ದರೆ ಏನೆನ್ನಬೇಕು? ಈ ಪ್ರಶ್ನೆಗೆ ಅಮೆರಿಕದ ಒಂದು ಅಧ್ಯಯನ ವಿಶೇಷ ಬೆಳಕು ಚೆಲ್ಲುತ್ತದೆ. ಅರ್ಥಶಾಸ್ತ್ರಜ್ಞರಾದ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅವರು ಮೂರು ವ್ಯಾಯಾಮಶಾಲೆಗಳ ಏಳು ಸಾವಿರಕ್ಕೂ ಹೆಚ್ಚು ಸದಸ್ಯರ ಹಾಜರಿಯನ್ನು ಪರಿಶೀಲಿಸಿ 2006ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗೂ ಮಿಕ್ಕಿ ಕಟ್ಟುತ್ತಿದ್ದ ಸದಸ್ಯರು ತಿಂಗಳಿಗೆ ಸರಾಸರಿ 4.3 ಬಾರಿ ಮಾತ್ರ ಬರುತ್ತಿದ್ದರು. ಹಾಗೆಂದರೆ ಒಂದೊಂದು ಭೇಟಿಗೂ 17 ಡಾಲರಿಗಿಂತ ಹೆಚ್ಚು. ಅದೇ ಶಾಲೆಗಳಲ್ಲಿ ಹತ್ತು ಭೇಟಿಗಳ ಚೀಟಿ ಕೊಂಡಿದ್ದರೆ ಭೇಟಿಯೊಂದಕ್ಕೆ 10 ಡಾಲರು ಸಾಕಾಗುತ್ತಿತ್ತು. ಮೋಸ ಇಲ್ಲಿ ಎಲ್ಲಿಯೂ ಇಲ್ಲ. ಎರಡು ದರಗಳೂ ಫಲಕದ ಮೇಲಿದ್ದವು. ಸದಸ್ಯರು ಹಣ ಕಟ್ಟಿದ್ದು ತಾವು ಇರುವ ರೀತಿಗಲ್ಲ, ತಾವು ಆಗಬೇಕೆಂದು ಬಯಸಿದ ರೀತಿಗೆ. ಇನ್ನೊಂದು ವಿಚಿತ್ರವೂ ಅಲ್ಲಿ ಕಂಡುಬಂದಿತು. ವರ್ಷದ ಕರಾರಿಗೆ ಒಪ್ಪಿದವರಿಗಿಂತ ತಿಂಗಳ ಕರಾರಿನವರೇ ಒಂದು ವರ್ಷವನ್ನು ದಾಟಿ ಸದಸ್ಯರಾಗಿ ಉಳಿಯುವ ಸಾಧ್ಯತೆ ಶೇ. 17ರಷ್ಟು ಹೆಚ್ಚಾಗಿತ್ತು. ಯಾವಾಗ ಬೇಕಾದರೂ ಬಿಡಬಹುದೆಂದು ತಿಂಗಳ ಕರಾರನ್ನು ಆರಿಸಿದವರು, ಅದು ತಾನಾಗಿ ನವೀಕರಣಗೊಳ್ಳುತ್ತಿದ್ದುದರಿಂದಲೇ ಬಿಡದೆ ಉಳಿದರು. ಕೊನೆಯ ಭೇಟಿಗೂ ಸದಸ್ಯತ್ವ ರದ್ದುಪಡಿಸುವುದಕ್ಕೂ ನಡುವೆ ಸರಾಸರಿ ಎರಡು ತಿಂಗಳಿಗೂ ಮಿಕ್ಕಿದ ಅಂತರವಿತ್ತು.

ಈ ಎರಡು ತಿಂಗಳ ಹಣದ ಸ್ವರೂಪವನ್ನು ವಿದ್ಯುತ್ತಿನ ಸ್ಥಿರ ಶುಲ್ಕದೊಂದಿಗೆ ಹೋಲಿಸಿ ನೋಡಬೇಕು. ಬೀಗ ಹಾಕಿದ ಮನೆಯವರಿಗೆ ವಿದ್ಯುತ್ತು ಬೇಕಾಗಿದೆ, ಇಂದಲ್ಲದಿದ್ದರೆ ಮುಂದಿನ ತಿಂಗಳು. ವ್ಯಾಯಾಮಶಾಲೆಯನ್ನು ತೊರೆದವನಿಗೆ ಅದು ಬೇಡವೇ ಆಗಿದೆ, ಬೇಡವೆಂದು ಹೇಳುವ ಕೆಲಸವೊಂದು ಬಾಕಿಯಿದೆ. ಮೊದಲನೆಯದು ಸಿದ್ಧತೆಯ ಬೆಲೆ, ಎರಡನೆಯದು ಮರೆವಿನ ಬೆಲೆ. ವ್ಯಾಪಾರಿಯು ಸಿದ್ಧತೆಗಾಗಿ ಏನನ್ನಾದರೂ ವ್ಯಯಿಸುತ್ತಾನೆ. ಗಿರಾಕಿಯ ಮರೆವಿಗಾಗಿ ಅವನು ವ್ಯಯಿಸುವುದೇನೂ ಇಲ್ಲ. ಹಾಗೆಂದು ಮರೆತವನ ಹೊಣೆಯನ್ನು ಪೂರ್ತಿಯಾಗಿ ಅಳಿಸಿಹಾಕುವುದೂ ಸರಿಯಲ್ಲ. ಆದರೆ ಬಹುಮಂದಿ ಮರೆಯುತ್ತಾರೆಂಬ ಎಣಿಕೆಯ ಮೇಲೆಯೇ ದರವನ್ನು ಗೊತ್ತುಮಾಡಿದ್ದರೆ ಮರೆವು ಕೇವಲ ಗಿರಾಕಿಯ ದೋಷವಾಗಿ ಉಳಿಯುವುದಿಲ್ಲ.

ಓದದೆ ಕಟ್ಟಿದ ಚಂದಾ ಎಲ್ಲವೂ ವ್ಯರ್ಥವೆಂಬ ತೀರ್ಮಾನಕ್ಕೂ ಬರಬೇಕಾಗಿಲ್ಲ. ಅಡಿಗರ ‘ಸಾಕ್ಷಿ’, ಚಂದ್ರಶೇಖರ ಪಾಟೀಲರ ‘ಸಂಕ್ರಮಣ’ದಂತಹ ಸಾಹಿತ್ಯಪತ್ರಿಕೆಗಳ ಚಂದಾದಾರರೆಲ್ಲರೂ ಪ್ರತಿ ಸಂಚಿಕೆಯನ್ನೂ ಪುಟಬಿಡದೆ ಓದಿದರೆಂದು ಭಾವಿಸಲು ಆಧಾರವಿಲ್ಲ. ಅಂತಹ ಚಂದಾದಲ್ಲಿ ವಿನಿಮಯದ ಜೊತೆಗೆ ವಂತಿಗೆಯ ಅಂಶವೂ ಇತ್ತು. ಪತ್ರಿಕೆ ನಿಲ್ಲಬಾರದೆಂಬುದು ಹಣ ಕಳುಹಿಸಿದವನ ಉದ್ದೇಶದಲ್ಲಿ ಸೇರಿತ್ತು. ಗಡಿಯಾಚೆಯ ಕನ್ನಡಿಗರಲ್ಲಿ ಇದು ಇನ್ನೂ ಹೆಚ್ಚು. ಕನ್ನಡ ಅಕ್ಷರ ಮನೆಗೆ ಬರುತ್ತಿರಲಿ ಎಂಬ ಒಂದೇ ಕಾರಣಕ್ಕೆ ಕನ್ನಡ ಪತ್ರಿಕೆ ತರಿಸುವ ಮನೆಗಳಿವೆ, ಅಲ್ಲಿ ಮಕ್ಕಳು ಅದನ್ನು ಬಿಡಿಸಿ ನೋಡಿದರೆ ಅದೇ ಲಾಭ. ತಿಳಿದು ಕೊಟ್ಟದ್ದು ವಂತಿಗೆ. ತಿಳಿಯದೆ ಹೋದದ್ದಕ್ಕೆ ಆ ಹೆಸರು ಸಲ್ಲದು.

ಮೊಬೈಲ್ ರೀಚಾರ್ಜಿನ ವಿಷಯವು ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಹತ್ತಿರದ್ದು. ಇದರಲ್ಲಿ ಮೊದಲು ತೊಡಕಾಗುವುದು ‘ತಿಂಗಳು’ ಎಂಬ ಶಬ್ದವೇ. ಹಳಗನ್ನಡದಲ್ಲಿ ‘ತಿಂಗಳ್’ ಎಂದರೆ ಚಂದ್ರ. ಚಂದ್ರಮಾನದ ಮಾಸಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ದಿನಗಳು. ಸೌರಮಾನದ ತಿಂಗಳು ಇನ್ನೂ ತುಸು ಉದ್ದ. ರೀಚಾರ್ಜಿನ ತಿಂಗಳು ಮಾತ್ರ 28 ದಿನಗಳದ್ದು, ಅದು ಚಂದ್ರನಿಗೂ ಸೇರದು, ಸೂರ್ಯನಿಗೂ ಸೇರದು. 28ನ್ನು 13ರಿಂದ ಗುಣಿಸಿದರೆ 364. ವರ್ಷಕ್ಕೆ ಹನ್ನೆರಡು ಬಾರಿ ಕಟ್ಟಿದೆನೆಂದು ಎಣಿಸಿದವನು ಹದಿಮೂರು ಬಾರಿ ಕಟ್ಟಿರುತ್ತಾನೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2022ರ ಜನವರಿಯಲ್ಲಿ ಹೊರಡಿಸಿದ ಆದೇಶದಲ್ಲಿ, ಪ್ರತಿಯೊಂದು ಕಂಪನಿಯೂ 30 ದಿನಗಳ ಅವಧಿಯ ಯೋಜನೆಯನ್ನೂ ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಿಸಬಹುದಾದ ಯೋಜನೆಯನ್ನೂ ಕನಿಷ್ಠ ಒಂದೊಂದಾದರೂ ನೀಡಬೇಕೆಂದು ವಿಧಿಸಿತು. 28 ದಿನಗಳ ಯೋಜನೆಗಳನ್ನು ಅದು ನಿಷೇಧಿಸಲಿಲ್ಲ. ಅಂದರೆ ಪಂಚಾಂಗಕ್ಕೆ ಹೊಂದುವ ತಿಂಗಳು ದೊರೆಯಬೇಕು, ಆದರೆ ಹುಡುಕಿ ಆರಿಸುವ ಹೊಣೆ ಗಿರಾಕಿಯದೇ.

ದಿನಕ್ಕೆ ಇಂತಿಷ್ಟು ಜಿಬಿ ಎಂದು ಕೊಡುವ ಡೇಟಾ ನಡುರಾತ್ರಿಗೆ ಇಲ್ಲವಾಗುವುದನ್ನು ಹಾಲಿನ ನ್ಯಾಯದಿಂದ ಪರೀಕ್ಷಿಸಬಹುದು. ಹಾಲು ಉಳಿದರೆ ಹುಳಿಯುತ್ತದೆ, ಡೇಟಾ ಹುಳಿಯುವ ವಸ್ತುವಲ್ಲ. ಅದನ್ನು ಯಾರೂ ಆ ಗಿರಾಕಿಗಾಗಿ ಪಾತ್ರೆಯಲ್ಲಿ ತೆಗೆದಿಟ್ಟಿರುವುದಿಲ್ಲ. ಕಂಪನಿಯ ನಿಜವಾದ ವೆಚ್ಚವಿರುವುದು ಗೋಪುರಗಳಲ್ಲಿ, ತರಂಗಗಳ ಹಕ್ಕಿನಲ್ಲಿ, ಸಂಜೆಯ ದಟ್ಟಣೆಯನ್ನು ತಾಳಿಕೊಳ್ಳುವ ಸಾಮರ್ಥ್ಯದಲ್ಲಿ. ಆದುದರಿಂದ ಸಿದ್ಧತೆಗೆ ಶುಲ್ಕ ಕೇಳುವುದು ಸಮಂಜಸವೇ. ಉಳಿದ ಡೇಟಾವನ್ನು ಹಾಗೆಯೇ ಅಳಿಸಿಹಾಕುವುದು ಮಾತ್ರ ಅಷ್ಟರಿಂದ ಸಮರ್ಥನೆಗೊಳ್ಳದು. ವಾರದ ಉಳಿಕೆಯನ್ನು ವಾರಾಂತ್ಯಕ್ಕೆ ಒಯ್ಯಲು ಬಿಡುವ ಯೋಜನೆಗಳು ಬಂದಿರುವುದರಿಂದ ಅದು ಅಸಾಧ್ಯವೆಂಬ ವಾದವೂ ನಿಲ್ಲುವುದಿಲ್ಲ.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಬೇಡದ್ದನ್ನು ಬೇಕಾದುದರೊಂದಿಗೆ ಕಟ್ಟಿ ಮಾರುವುದರಲ್ಲಿದೆ. ಕೀಲಿಮಣೆಯ ಸಣ್ಣ ಫೋನನ್ನು ಬಳಸುವ ಅಜ್ಜಿಗೆ ಬೇಕಾದುದು ಕರೆ ಮಾತ್ರ. ಆದರೂ ಡೇಟಾ ಸೇರಿದ ಯೋಜನೆಯನ್ನೇ ಕೊಳ್ಳಬೇಕಾದರೆ ಅವರು ಪ್ರತಿ ತಿಂಗಳೂ ಬೇರೆಯವರ ಚಲನಚಿತ್ರಕ್ಕೆ ಹಣ ತೆತ್ತಂತಾಗುತ್ತದೆ. 2024ರ ಡಿಸೆಂಬರಿನಲ್ಲಿ ಪ್ರಾಧಿಕಾರವು ನಿಯಮಗಳನ್ನು ತಿದ್ದುಪಡಿ ಮಾಡಿ, ಕರೆ ಮತ್ತು ಎಸ್‌ಎಂಎಸ್‌ಗಳಿಗೆ ಮಾತ್ರ ಮೀಸಲಾದ ಯೋಜನೆಯನ್ನು ಕಂಪನಿಗಳು ನೀಡಲೇಬೇಕೆಂದು ವಿಧಿಸಿತು. ವಿಶೇಷ ರೀಚಾರ್ಜುಗಳ ಗರಿಷ್ಠ ಅವಧಿಯನ್ನು 90 ದಿನಗಳಿಂದ 365 ದಿನಗಳಿಗೆ ಏರಿಸಿತು. ಯಾವುದು ಬೇಕೋ ಅದಕ್ಕೆ ಹಣ ಎಂಬ ಮಾತು ಹೀಗೆ ನಿಯಮದ ರೂಪ ತಳೆಯಿತು. ದರ ಎಷ್ಟೆಂಬುದು ಮಾತ್ರ ಕಂಪನಿಗಳ ಕೈಯಲ್ಲಿಯೇ ಉಳಿದಿದೆ.

ಹಣ ತಾನಾಗಿ ಕಡಿತಗೊಳ್ಳುವ ಏರ್ಪಾಟಿನಲ್ಲಿ ಮರೆವಿನ ಬೆಲೆ ಅತಿ ಹೆಚ್ಚು. ಕ್ಯಾಲೆಂಡರಿನ ಗೀಟಿನಲ್ಲಿ ಲೆಕ್ಕ ಕಣ್ಣೆದುರು ಇರುತ್ತಿತ್ತು, ಬ್ಯಾಂಕಿನ ಖಾತೆಯಿಂದ ಸದ್ದಿಲ್ಲದೆ ಹೋಗುವ ಹಣ ಕಣ್ಣಿಗೆ ಬೀಳುವುದಿಲ್ಲ. ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್ 1ರಿಂದ ಕಾರ್ಡಿನ ಮೂಲಕ ಹೀಗೆ ಮತ್ತೆ ಮತ್ತೆ ಹಣ ಕಡಿತಗೊಳ್ಳುವುದಕ್ಕೆ ಕನಿಷ್ಠ 24 ಗಂಟೆಗಳ ಮೊದಲು ಗಿರಾಕಿಗೆ ಸೂಚನೆ ಕಳುಹಿಸಬೇಕಾಗಿದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಂತರ್ಜಾಲ ವ್ಯಾಪಾರದ 13 ಬಗೆಯ ಕುಟಿಲ ವಿನ್ಯಾಸಗಳನ್ನು ಹೆಸರಿಸಿ ತಡೆಯುವ ಮಾರ್ಗಸೂಚಿಯನ್ನು ಹೊರಡಿಸಿತು. ‘ಚಂದಾ ಬಲೆ’ ಅವುಗಳಲ್ಲೊಂದು: ಚಂದಾ ರದ್ದುಪಡಿಸುವ ದಾರಿಯನ್ನು ಮರೆಮಾಡುವುದು, ಸುತ್ತಿ ಬಳಸಿ ತೊಡಕಾಗಿಸುವುದು, ಉಚಿತವೆಂದು ಕರೆದು ಮೊದಲೇ ಕಾರ್ಡಿನ ವಿವರ ಕೇಳುವುದು ಇದರಲ್ಲಿ ಸೇರುತ್ತವೆ. ಜರ್ಮನಿಯಲ್ಲಿ 2022ರ ಜುಲೈ 1ರಿಂದ ಇಂತಹ ಕರಾರುಗಳಿಗೆ ಜಾಲತಾಣದಲ್ಲಿಯೇ ರದ್ದತಿಯ ಗುಂಡಿಯನ್ನು ಇಡುವುದು ಕಡ್ಡಾಯವಾಗಿದೆ. ಸೇರುವುದು ಎಷ್ಟು ಸುಲಭವೋ ಬಿಡುವುದೂ ಅಷ್ಟೇ ಸುಲಭವಾಗಿರಬೇಕೆಂಬುದು ಇವುಗಳ ಹಿಂದಿನ ಆಶಯ. ‘ಸಬ್‌ಸ್ಕ್ರೈಬ್’ ಎಂಬ ಇಂಗ್ಲಿಷ್ ಶಬ್ದದ ಲ್ಯಾಟಿನ್ ಮೂಲಾರ್ಥ ‘ಕೆಳಗೆ ಬರೆ’, ಎಂದರೆ ರುಜು ಹಾಕು ಎಂದು. ರುಜು ಹಾಕುವವನು ಒಂದು ಕ್ಷಣವಾದರೂ ಕಾಗದವನ್ನು ನೋಡುತ್ತಿದ್ದನು. ಬೆರಳೊತ್ತಿನ ಒಪ್ಪಿಗೆಯಲ್ಲಿ ಆ ಕ್ಷಣವೂ ಉಳಿದಿಲ್ಲ.

ನೋಡಿದರೂ ಓದಲು ಬರುವ ಭಾಷೆಯಲ್ಲಿ ಷರತ್ತುಗಳಿರಬೇಕಲ್ಲವೇ ಎಂಬುದು ಗಡಿನಾಡಿನ ವಿಶೇಷ ಪ್ರಶ್ನೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ಸರ್ಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಅವಕಾಶವನ್ನು ಭಾಷಾ ಅಲ್ಪಸಂಖ್ಯಾತರಿಗೆ ನೀಡಿದೆ. ಖಾಸಗಿ ಕಂಪನಿಯ ಷರತ್ತುಪತ್ರಕ್ಕೆ ಅದು ಅನ್ವಯಿಸುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ‘ಅನ್ಯಾಯದ ಕರಾರು’ ಎಂಬ ಹೊಸ ಪರಿಕಲ್ಪನೆಯನ್ನು ತಂದಿತು. ಆದರೆ ಅದರ ಮೇಲಿನ ದೂರು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬಾರದು, ರಾಜ್ಯ ಆಯೋಗಕ್ಕೆ ಹೋಗಬೇಕು. ಕಾಸರಗೋಡಿನವನಿಗೆ ಅದರ ಕೇಂದ್ರಸ್ಥಾನವಿರುವುದು ರಾಜ್ಯದ ಇನ್ನೊಂದು ತುದಿಯ ತಿರುವನಂತಪುರದಲ್ಲಿ. ಇನ್ನೂರು ರೂಪಾಯಿಗಾಗಿ ಆ ದಾರಿ ಹಿಡಿಯುವವರಾರು? ಸೇವೆಯ ಕೊರತೆ ಅಥವಾ ಅನ್ಯಾಯದ ವ್ಯಾಪಾರಪದ್ಧತಿ ಎಂದು ದೂರನ್ನು ರೂಪಿಸಲು ಸಾಧ್ಯವಿದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷ ರೂಪಾಯಿಯವರೆಗಿನ ಪ್ರಕರಣಗಳಿಗೆ ಅಲ್ಲಿ ಶುಲ್ಕವಿಲ್ಲ. 1915 ಎಂಬ ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ.

ಸಿದ್ಧತೆಯ ಬೆಲೆಯನ್ನೂ ಬಳಕೆಯ ಬೆಲೆಯನ್ನೂ ಬೇರ್ಪಡಿಸುವ ಕೆಲಸವನ್ನು ವಿದ್ಯಾರ್ಥಿಗಳ ವಸತಿನಿಲಯಗಳೇ ಬಹುಕಾಲದಿಂದ ಮಾಡಿಕೊಂಡು ಬಂದಿವೆ. ಹಲವು ನಿಲಯಗಳ ಊಟದ ಬಿಲ್ಲಿನಲ್ಲಿ ಎರಡು ಸಾಲುಗಳಿರುತ್ತವೆ. ಅಡುಗೆಯವರ ಸಂಬಳ, ಪಾತ್ರೆಪಗಡಿ ಮೊದಲಾದವುಗಳ ವೆಚ್ಚ ಎಲ್ಲರಿಗೂ ಸಮನಾಗಿ ಬೀಳುತ್ತದೆ. ಅಕ್ಕಿ, ತರಕಾರಿ, ಎಣ್ಣೆಗಳ ವೆಚ್ಚ ಹಾಜರಿದ್ದ ದಿನಗಳಿಗೆ ಅನುಸಾರವಾಗಿ ಹಂಚಿಕೆಯಾಗುತ್ತದೆ. ನಿಗದಿತ ದಿನಗಳಿಗಿಂತ ಹೆಚ್ಚು ಕಾಲ ಊರಿಗೆ ಹೋಗುವವನು ಮೊದಲೇ ಬರೆದುಕೊಟ್ಟರೆ ಆ ದಿನಗಳ ಊಟದ ಹಣ ಕಳೆಯುತ್ತದೆ. ಇದನ್ನೇ ವಿದ್ಯಾರ್ಥಿಗಳು ‘ಮೆಸ್ ಕಟ್’ ಎನ್ನುತ್ತಾರೆ. ಹಾಲಿನ ಲೆಕ್ಕವೂ ಹಾಪ್ಕಿನ್‌ಸನ್ನನ ತರ್ಕವೂ ಈ ಒಂದು ಬಿಲ್ಲಿನಲ್ಲಿ ಕೂಡಿವೆ. ಆದರೂ ಒಂದು ಪ್ರಕರಣಕ್ಕೆ ಈ ನಿಯಮದಲ್ಲಿ ಉತ್ತರವಿಲ್ಲ. ಮನೆಯಲ್ಲಿ ಸಾವಾಯಿತೆಂದು ರಾತ್ರಿ ಕರೆ ಬಂದು, ಸಿಕ್ಕಿದ ಬಸ್ಸು ಹತ್ತಿ ಹೋದ ವಿದ್ಯಾರ್ಥಿ ಹದಿಮೂರು ದಿನಗಳ ಕ್ರಿಯೆ ಮುಗಿಸಿ ಹಿಂದಿರುಗುತ್ತಾನೆ. ಮುನ್ಸೂಚನೆ ಕೊಡಲು ಅವನಿಗೆ ಸಾಧ್ಯವಿರಲಿಲ್ಲ. ಮೊದಲ ಎರಡು ದಿನ ಅವನ ಪಾಲಿನ ಅನ್ನ ಬೆಂದು ಉಳಿದಿರಬಹುದು. ಮೂರನೆಯ ದಿನದಿಂದ ಅವನಿಲ್ಲವೆಂಬುದು ಅಡುಗೆಯವರಿಗೆ ತಿಳಿದಿತ್ತು, ಅಕ್ಕಿಯನ್ನು ಅಷ್ಟು ಕಡಿಮೆಯೇ ಅಳೆದರು. ಬಿಲ್ಲಿನಲ್ಲಿ ಮಾತ್ರ ಹದಿಮೂರು ದಿನಗಳೂ ಹಾಗೆಯೇ ಇವೆ.